ನೊಂದ ಮಗುವಿನ ಜೊತೆ ಮಾತಾಡಲು ಕಲಿಸಿ

ಮಾನ್ಯ ಸಂಪಾದಕರೇ,

ಹೆತ್ತವರ ಬಳಿ ಇರಲಾಗದ ಮಕ್ಕಳನ್ನು ಬೇರೆ ಮನೆಯವರು ಸಾಕುವ ಪೋಷಕತ್ವ (ಫಾಸ್ಟರ್ ಕೇರ್) ಯೋಜನೆಯಲ್ಲಿ ನಮ್ಮ ಮನೆಗೆ ಬಂದ ಎಂಟು ವರ್ಷದ ಹುಡುಗಿ ಮೊದಲ ತಿಂಗಳೆಲ್ಲ ದಿಂಬಿನ ಕೆಳಗೆ ಅಕ್ಕಿರೊಟ್ಟಿ ಬಚ್ಚಿಡುತ್ತಿದ್ದಳು. ಕಳ್ಳತನ ಅಂದುಕೊಂಡು ಗದರಿದೆ. ನಾಳೆ ಊಟ ಸಿಗುತ್ತೋ ಇಲ್ವೋ ಅನ್ನೋ ಭಯ ಅದು ಅಂತ ನನಗೆ ಯಾರೂ ಹೇಳಿರಲಿಲ್ಲ. ಭೇಟಿಗೆ ಬಂದ ಕಾರ್ಯಕರ್ತೆ ಎಲ್ಲರೆದುರೇ, 'ನಿಮ್ಮಪ್ಪ ಹೊಡೀತಿದ್ನಾ?' ಅಂತ ಅವಳನ್ನು ಕೇಳಿದರು. ಮಗು ಎರಡು ದಿನ ಬಾಯಿಬಿಡಲಿಲ್ಲ. ಪಾಪ, ಅವರಿಗೂ ಯಾರೂ ಕಲಿಸಿಲ್ಲ ಅಲ್ವಾ?

2015ರ ಬಾಲನ್ಯಾಯ ಕಾಯ್ದೆಯಲ್ಲಿ ಪೋಷಕತ್ವಕ್ಕೆ ಜಾಗ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನ 'ಸಂವಾದ್' ಕಾರ್ಯಕ್ರಮ ಇಂಥ ಮಕ್ಕಳ ಜೊತೆ ಕೆಲಸ ಮಾಡುವವರಿಗೆ ತರಬೇತಿ ಕೊಡುತ್ತದೆ. ಅದು ಹಾಸನ ಜಿಲ್ಲೆಯ ಕಾರ್ಯಕರ್ತೆಯರಿಗೆ, ಶಿಕ್ಷಕರಿಗೆ, ನಮ್ಮಂಥ ಸಾಕು ತಂದೆತಾಯಿಗೂ ಸಿಗಲಿ. ಸುಮ್ನೆ ಒಂದು ದಿನದ ಭಾಷಣ ಸಾಲದು. ತಿಂಗಳಿಗೊಮ್ಮೆ ಕೂರಿಸಿ, ನಮ್ಮ ಮನೆಗಳಲ್ಲಿ ನಡೆದದ್ದನ್ನೇ ಕೇಳಿ ಕಲಿಸಲಿ.

– ಒಬ್ಬ ಸಾಕುತಾಯಿ, ಸಕಲೇಶಪುರ