ಕವಿಯ ಮನೆ ಉಳಿಸಿದ್ದೇವೆ, ಕಥೆಯ ಕಾಡನ್ನೂ ಉಳಿಸಬೇಕಲ್ವಾ?

ಸಂಪಾದಕರಿಗೆ ನಮಸ್ಕಾರ.

ಸಾಹಿತ್ಯ ಪ್ರವಾಸ ಅನ್ನುವ ಮಾತು ಈಗೀಗ ಜಾಸ್ತಿ ಕೇಳಿಬರುತ್ತಿದೆ. ಕವಿಗಳ ಮನೆ, ಕಥೆ ನಡೆದ ಊರು, ಸೀರಿಯಲ್ ಚಿತ್ರೀಕರಣವಾದ ಬೀದಿ, ಎಲ್ಲ ಸೇರಿಸಿ ಒಂದು ಸುತ್ತು ಮಾಡಿಸಿದರೆ ಜನ ಬರುತ್ತಾರೆ ಅಂತ. ಬರುತ್ತಾರೆ, ಅದರಲ್ಲಿ ಅನುಮಾನವಿಲ್ಲ. ನಾನು ತೀರ್ಥಹಳ್ಳಿಯವನು. ಕುವೆಂಪು ಅವರ ಊರು ಕುಪ್ಪಳಿಗೆ ಹೋಗುವ ಕಾರುಗಳು, ಶಾಲಾ ಮಕ್ಕಳ ಬಸ್ಸುಗಳು ಪ್ರತಿ ರಜೆಯಲ್ಲೂ ಕಣ್ಣೆದುರೇ ಹಾದು ಹೋಗುತ್ತವೆ. ಅವರು ಏನನ್ನು ಹುಡುಕಿಕೊಂಡು ಬರುತ್ತಾರೆ, ನಾವು ಅವರಿಗೆ ಏನನ್ನು ತೋರಿಸಿ ಕಳಿಸುತ್ತೇವೆ ಅನ್ನುವುದರ ಬಗ್ಗೆ ಈ ಪತ್ರ.

ಕಳೆದ ಡಿಸೆಂಬರಿನಲ್ಲಿ ನನ್ನ ಅಕ್ಕನ ಮಗಳು ಬೆಂಗಳೂರಿನಿಂದ ಬಂದಿದ್ದಳು. ಕೆಲಸಕ್ಕೆ ಹೋಗುವಾಗ ಬರುವಾಗ ಮೆಟ್ರೋದಲ್ಲಿ ಕೂತು ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿ ಮುಗಿಸಿದ್ದಳು. ಅವಳಿಗೆ ಅದರಲ್ಲಿ ಬರುವ ನಾಯಿಗುತ್ತಿಯ ಹುಚ್ಚು. ಗುತ್ತಿ, ಅವನ ನಾಯಿ ಹುಲಿಯ, ಅವನು ಕರೆತರಲು ಹೊರಟ ತಿಮ್ಮಿ, ಇವರೆಲ್ಲ ಓಡಾಡಿದ ಕಾಡು ನೋಡಬೇಕು ಅಂತಲೇ ರಜೆ ಹಾಕಿ ಬಂದವಳು. ನಾನೂ ಖುಷಿಯಿಂದ ಕಾರು ತೆಗೆದೆ. ಮುಖ್ಯರಸ್ತೆ ಬೇಡ, ಒಳದಾರಿಯಲ್ಲಿ ಹೋಗೋಣ, ಕಾಡು ಸಿಗುತ್ತದೆ ಎಂದೆ. ಅರ್ಧ ಗಂಟೆ ಹೋದ ಮೇಲೆ ಅವಳು ಕೇಳಿದಳು, "ಮಾವ, ಕಾಡು ಇನ್ನೂ ಎಷ್ಟು ದೂರ?"

ನಾವು ಕಾಡಿನ ನಡುವೆಯೇ ಇದ್ದೇವೆ ಅಂತ ನಾನು ಅಂದುಕೊಂಡಿದ್ದೆ. ಆಮೇಲೆ ಕಿಟಕಿಯಾಚೆ ಸರಿಯಾಗಿ ನೋಡಿದೆ. ಎರಡೂ ಕಡೆ ಅಕೇಶಿಯಾ. ಸಾಲು ಹಿಡಿದು ನೆಟ್ಟದ್ದು, ಎಲ್ಲ ಒಂದೇ ವಯಸ್ಸಿನದು. ನೆಲದ ತುಂಬ ಒಣಗಿದ ಎಲೆ, ಒಂದು ಪೊದೆ ಇಲ್ಲ, ಒಂದು ಬಳ್ಳಿ ಇಲ್ಲ. ಆ ದಾರಿಯಲ್ಲಿ ಎಷ್ಟೋ ವರ್ಷದಿಂದ ಓಡಾಡಿದ್ದೇನೆ. ಹಸಿರಾಗಿದೆ, ಹಾಗಾಗಿ ಕಾಡು, ಇಷ್ಟೇ ನನ್ನ ಲೆಕ್ಕ. ಇಲ್ಲೇ ಹುಟ್ಟಿ ಬೆಳೆದವನಿಗೆ ಕಾಣದೇ ಹೋದದ್ದು, ಬೆಂಗಳೂರಿನ ಮೆಟ್ರೋದಲ್ಲಿ ಕೂತು ಓದಿದ ಹುಡುಗಿಗೆ ಕಂಡಿತು. ಹೆಮ್ಮರ, ಬಳ್ಳಿ, ಹಗಲಲ್ಲೂ ಕತ್ತಲೆ ಕವಿದ ಕಣಿವೆ, ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ, ಇದೆಲ್ಲ ಅವಳ ಕಣ್ಣಲ್ಲಿ ತುಂಬಿಕೊಂಡಿತ್ತು. ಆ ಕಣ್ಣನ್ನು ಕೊಟ್ಟದ್ದು ಕಾದಂಬರಿ.

ಕುಪ್ಪಳಿಯಲ್ಲಿ ಕವಿಮನೆಯನ್ನು ಚೆನ್ನಾಗಿ ನೋಡಿಕೊಂಡಿದ್ದಾರೆ, ಅದನ್ನು ಹೇಳಲೇಬೇಕು. ಮೂರು ಅಂತಸ್ತಿನ ತೊಟ್ಟಿಮನೆ, ಬಾಣಂತಿ ಕೋಣೆ, ಹಳೆಯ ಪಾತ್ರೆ ಪಡಗ, ಕುವೆಂಪು ಅವರ ಪುಸ್ತಕ, ಪ್ರಶಸ್ತಿ ಎಲ್ಲವೂ ಇವೆ. ಅವಳು ಎಲ್ಲ ನೋಡಿದಳು, ಫೋಟೋ ತೆಗೆದಳು. ಆದರೆ ಮಾತು ನಿಂತು ಹೋದದ್ದು ಮನೆಯ ಹತ್ತಿರದ ಗುಡ್ಡ ಕವಿಶೈಲದ ಮೇಲೆ. ಸಾಹಿತಿಗಳಾದ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ಕೆತ್ತಿದ ಅಕ್ಷರಗಳಿರುವ ಆ ಬಂಡೆಯ ಮೇಲೆ ಕೂತರೆ ಕಣ್ಣು ಹಾಯುವವರೆಗೂ ಮಲೆ. ಅಲ್ಲಿ ಕಾಡು ಇನ್ನೂ ಕಾಡಾಗಿಯೇ ಇದೆ. ಸಂಜೆಯಾಗುತ್ತ ಜೀರುಂಡೆಗಳ ಸದ್ದು ಶುರುವಾಯಿತು. "ಇದು ಮಾವ, ನಾನು ಓದಿದ್ದು ಇದನ್ನೇ" ಎಂದಳು. ಒಂದು ಗಂಟೆ ಅಲ್ಲಿಂದ ಏಳಲಿಲ್ಲ.

ನನ್ನ ಮಾತು ಇಷ್ಟೇ. ಈ ಕಾದಂಬರಿಯ ಸ್ಮಾರಕ ಮನೆಯಲ್ಲ, ಕಾಡು. 1967ರಲ್ಲಿ ಬಂದ ಪುಸ್ತಕ, ಕಥೆ ನಡೆಯುವುದು 19ನೇ ಶತಮಾನದ ಕೊನೆಯಲ್ಲಿ. ಅದರಲ್ಲಿ ಜನ ಸುಮ್ನೆ ಕೂತದ್ದೇ ಕಡಿಮೆ. ಗುತ್ತಿ ನಡೆಯುತ್ತಾನೆ, ಐತ, ಅವನ ಹೆಂಡತಿ ಪೀಂಚಲು ನಡೆಯುತ್ತಾರೆ, ಬೇಡದ ಮದುವೆ ತಪ್ಪಿಸಿಕೊಂಡು ಚಿನ್ನಮ್ಮ ರಾತ್ರಿ ಕಾಡು ಸೇರುತ್ತಾಳೆ. ಕಾಡನ್ನು ತೆಗೆದುಬಿಟ್ಟರೆ ಅವರಿಗೆ ಓಡಿಹೋಗಲು ಜಾಗವೇ ಇಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಬಸವಲಿಂಗಯ್ಯ ಅವರು ಇದನ್ನು ರಾತ್ರಿಯಿಡೀ ಬಯಲಲ್ಲಿ ಆಡಿಸಿದಾಗ, ಜನ ಒಂದು ರಂಗದಿಂದ ಇನ್ನೊಂದು ರಂಗಕ್ಕೆ ಎದ್ದು ನಡೆದುಕೊಂಡೇ ಹೋಗಿ ನೋಡಿದರು. ನಾಟಕದವರಿಗೆ ಗೊತ್ತಾಯಿತು, ಕೂತು ನೋಡುವ ಕಥೆ ಇದಲ್ಲ ಅಂತ. ನಾವು ಮಾತ್ರ ಓದುಗರನ್ನು ಕಾರಿನಿಂದ ಇಳಿಸಿ, ಮನೆ ತೋರಿಸಿ, ಮತ್ತೆ ಕಾರು ಹತ್ತಿಸುತ್ತಿದ್ದೇವೆ.

ಮಾಲ್ಗುಡಿ ಬೇರೆ ಥರ. ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಯಾವ ನಕ್ಷೆಯಲ್ಲೂ ಇಲ್ಲದ ಊರು. ಅದನ್ನು 'ಮಾಲ್ಗುಡಿ ಡೇಸ್' ಸೀರಿಯಲ್ಲಿಗಾಗಿ ನಮ್ಮ ಆಗುಂಬೆಯಲ್ಲಿ ಶಂಕರ್ ನಾಗ್ ಚಿತ್ರೀಕರಿಸಿದರು, 1980ರ ದಶಕದಲ್ಲಿ ದೂರದರ್ಶನದಲ್ಲಿ ಬಂತು. ಇವತ್ತಿಗೂ ಉತ್ತರ ಭಾರತದವರು ಆಗುಂಬೆಗೆ ಬಂದು ಅದರಲ್ಲಿ ಬರುವ ಹುಡುಗ ಸ್ವಾಮಿಯ ಮನೆ ಎಲ್ಲಿ ಅಂತ ಕೇಳುತ್ತಾರೆ, ಚಿತ್ರೀಕರಣ ನಡೆದ ದೊಡ್ಡಮನೆಯ ಜಗಲಿಯಲ್ಲಿ ಕೂತು ಚಿಕ್ಕವರಾಗಿಬಿಡುತ್ತಾರೆ. ಅತ್ತ ಹೊಸನಗರ ತಾಲ್ಲೂಕಿನ ಅರಸಾಳಿನಲ್ಲಿ, ಸೀರಿಯಲ್ಲಿನ ಮಾಲ್ಗುಡಿ ಸ್ಟೇಷನ್ ಆಗಿದ್ದ ಹಳೆಯ ರೈಲು ನಿಲ್ದಾಣವನ್ನು ಮ್ಯೂಸಿಯಂ ಮಾಡಿದ್ದಾರೆ. ಒಳ್ಳೆಯದೇ. ಎಲ್ಲೂ ಇಲ್ಲದ ಊರಿಗೆ ಒಂದು ಕಟ್ಟಡ ಸಿಕ್ಕರೆ ಸಾಕು, ಉಳಿದದ್ದನ್ನು ನೋಡುವವರೇ ತುಂಬಿಕೊಳ್ಳುತ್ತಾರೆ. ಆದರೆ ಮೇಗರವಳ್ಳಿ ಹಾಗಲ್ಲ. ಅದು ಕುವೆಂಪು ಕಾದಂಬರಿಯಲ್ಲೂ ಇದೆ, ಆಗುಂಬೆ ದಾರಿಯಲ್ಲೂ ಇದೆ. ಬಸ್ಸಿನಲ್ಲಿ ಕಂಡಕ್ಟರ್ ಆ ಹೆಸರು ಕೂಗಿದರೆ ಓದಿದವರ ಎದೆ ಒಂದು ಸಲ ಝಲ್ ಅನ್ನುತ್ತದೆ.

ಇಂಗ್ಲೆಂಡಿನ ಹಾವರ್ತ್ ಅನ್ನುವ ಊರಿನ ಬಗ್ಗೆ ಓದಿದ್ದೆ. 'ವದರಿಂಗ್ ಹೈಟ್ಸ್' ಬರೆದ ಎಮಿಲಿ ಬ್ರಾಂಟೆ ಇದ್ದ ಊರು. ಅಲ್ಲಿ ಅವರ ಮನೆ 1928ರಿಂದಲೇ ಮ್ಯೂಸಿಯಂ. ಆದರೆ ಓದುಗರು ಅಷ್ಟಕ್ಕೇ ನಿಲ್ಲುವುದಿಲ್ಲ, ಗಾಳಿ ಬೀಸುವ ಬೋಳುಗುಡ್ಡಗಳ ಮೇಲೆ ಕೆಲವು ಮೈಲಿ ನಡೆದು ಟಾಪ್ ವಿದೆನ್ಸ್ ಅನ್ನುವ ಒಂದು ಪಾಳುಮನೆಯವರೆಗೆ ಹೋಗುತ್ತಾರೆ. ಅಲ್ಲೊಂದು ಫಲಕವಿದೆ, ಬ್ರಾಂಟೆ ಸೊಸೈಟಿಯವರು 1964ರಲ್ಲಿ ಹಾಕಿದ್ದು. ಈ ಮನೆ ಇಡಿಯಾಗಿದ್ದಾಗಲೂ ಕಾದಂಬರಿಯಲ್ಲಿ ಬರುವ ಮನೆಯ ಹಾಗಿರಲಿಲ್ಲ, ಆದರೆ ಈ ಜಾಗ ಲೇಖಕಿಯ ಮನಸ್ಸಿನಲ್ಲಿ ಇದ್ದಿರಬಹುದು ಅಂತ ಅದರಲ್ಲಿ ನೇರವಾಗಿ ಹೇಳಿದ್ದಾರೆ. ಆದರೂ ಜನ ನಡೆದು ಹೋಗುತ್ತಾರೆ. ದಾರಿಯ ಕೈಮರಗಳಲ್ಲಿ ಜಪಾನೀ ಭಾಷೆಯೂ ಇದೆಯಂತೆ, ಅಷ್ಟು ದೂರದಿಂದ ಬರುತ್ತಾರೆ. ಮನೆ ಪುಸ್ತಕದ್ದಲ್ಲ, ಗೋಡೆಯೂ ಸರಿಯಾಗಿ ಉಳಿದಿಲ್ಲ. ಪುಸ್ತಕದಲ್ಲಿರುವ ಗುಡ್ಡ ಮತ್ತು ಗಾಳಿ ಹಾಗೇ ಇವೆ, ಅದಕ್ಕೇ ಹೋಗುತ್ತಾರೆ.

ಇಲ್ಲಿಯೂ ಇದು ಆಗಬೇಕು. ಸಾಹಿತ್ಯ ಪ್ರವಾಸಕ್ಕೆ ಅಂತ ದುಡ್ಡು ಬಂದರೆ ಇನ್ನೊಂದು ಕಮಾನು, ಇನ್ನೊಂದು ಪ್ರತಿಮೆ, ಸೆಲ್ಫಿಗೆ ಒಂದು ಕಟ್ಟೆ, ಬಣ್ಣದ ದೀಪ, ಇವು ದಯವಿಟ್ಟು ಬೇಡ. ಅಕೇಶಿಯಾ ಕಡಿದ ಜಾಗದಲ್ಲಿ ಮತ್ತೆ ಅಕೇಶಿಯಾ ನೆಡದೆ ಬಿಡಿ. ಹೊನ್ನೆ, ಮತ್ತಿ, ನಂದಿ, ಧೂಪ, ಹಲಸು ಬರಲಿ. ಪೂರ್ತಿ ನೆಡುವುದೂ ಬೇಕಾಗಿಲ್ಲ, ಪಕ್ಕದಲ್ಲಿ ಒಳ್ಳೆಯ ಕಾನು, ಅಂದರೆ ದಟ್ಟ ಕಾಡು, ಇದ್ದರೆ ಹಕ್ಕಿಗಳೇ ಬೀಜ ತಂದು ಹಾಕುತ್ತವೆ. ಆಮೇಲೆ ಹಳೆಯ ಕಾಲುದಾರಿಗಳು. ಮನೆಯಿಂದ ಮನೆಗೆ, ಕೇರಿಯಿಂದ ಊರಿಗೆ ಹೋಗುತ್ತಿದ್ದ ದಾರಿಗಳು ಬೇಲಿಗೆ, ತೋಟಕ್ಕೆ, ಶುಂಠಿ ಗದ್ದೆಗೆ ಸೇರಿಹೋಗಿವೆ. ಒಂದೆರಡನ್ನಾದರೂ ಜಮೀನಿನವರ ಒಪ್ಪಿಗೆ ಪಡೆದು ತೆರೆಯಬಹುದು. ಸಿಮೆಂಟು ಹಾಕದೆ, ಗುಂಪಿಗೆ ಹತ್ತು ಜನರಿಗಿಂತ ಜಾಸ್ತಿ ಬಿಡದೆ. ದಾರಿ ತೋರಿಸಲು ಊರಿನವರೇ ಇರಲಿ, ಅವರಿಗೆ ಸರಿಯಾದ ಸಂಬಳ ಕೊಡಲಿ. ಕಳಲೆ, ವಾಟೆಹುಳಿ ತರಲು ಕಾಡಿಗೆ ಹೋಗುವ ನಮ್ಮ ಹೆಂಗಸರಿಗೆ ಗೊತ್ತಿರುವಷ್ಟು ಗಿಡದ ಹೆಸರು ಬೇರೆ ಯಾರಿಗೂ ಗೊತ್ತಿಲ್ಲ. ಗುತ್ತಿ, ತಿಮ್ಮಿ, ಐತ, ಪೀಂಚಲು ಯಾರೂ ದೊಡ್ಡಮನೆಯವರಲ್ಲ, ಆ ಮನೆಗಳಿಗೆ ದುಡಿದವರು. ಅಂಥವರ ಮಕ್ಕಳು ಮೊಮ್ಮಕ್ಕಳು ಇವತ್ತಿಗೂ ಇಲ್ಲಿದ್ದಾರೆ. ಪ್ರವಾಸದ ದುಡ್ಡು ಹೋಂಸ್ಟೇಗಳಿಗೆ ಮಾತ್ರ ಹೋಗದೆ ಆ ಮನೆಗಳಿಗೂ ಹೋಗಬೇಕು.

ಕುಪ್ಪಳಿಯಿಂದ ವಾಪಸ್ ಬರುವಾಗ ಅಕ್ಕನ ಮಗಳು ತೀರ್ಥಹಳ್ಳಿಯ ತುಂಗಾ ಸೇತುವೆಯ ಮೇಲೆ ಕಾರು ನಿಲ್ಲಿಸಲು ಹೇಳಿದಳು. ಕಾದಂಬರಿಯ ಕೊನೆಯಲ್ಲಿ ಹುಲಿಯ ಕೊಚ್ಚಿಹೋಗುವುದು ತುಂಬಿದ ತುಂಗೆಯಲ್ಲಿ. ಡಿಸೆಂಬರಿನ ಹೊಳೆಯಲ್ಲಿ ಬಂಡೆಗಳು ಕಾಣುತ್ತಿದ್ದವು, ಮಕ್ಕಳು ನೀರಾಟ ಆಡುತ್ತಿದ್ದರು. ಇಷ್ಟು ನೀರಲ್ಲಿ ನಾಯಿ ಹೇಗೆ ಕೊಚ್ಚಿಹೋಗುತ್ತದೆ ಅಂತ ಅವಳಿಗೆ. ಜುಲೈನಲ್ಲಿ ಬಂದು ನೋಡು ಎಂದೆ. ರಜೆ ಹಾಕಿದ್ದಾಳಂತೆ. "ಈ ಸಲ ಕಾರು ಬೇಡ ಮಾವ, ನಡೆದು ಹೋಗೋಕೆ ಒಂದು ದಾರಿ ಹುಡುಕಿಡು" ಅಂತ ಫೋನು ಮಾಡಿದ್ದಳು. ಊರಿನ ಹಿರಿಯರನ್ನು ಕೇಳಿಕೊಂಡು ಹುಡುಕುತ್ತಿದ್ದೇನೆ.

ನಿಮ್ಮ ಓದುಗ,
ತೀರ್ಥಹಳ್ಳಿ