ಭಾನುವಾರದ ಮಂಡಿಪೇಟೆ ಫೋಟೊ: ಬರುವವರ ಗಮನಕ್ಕೆ
ಹಳೇ ಫೋಟೊದಲ್ಲಿರುವ ಕಟ್ಟಡವನ್ನು ಅದೇ ಜಾಗದಿಂದ ಮತ್ತೆ ತೆಗೆಯಲು ಬೆಳಿಗ್ಗೆ 6:30ಕ್ಕೆ ದಾವಣಗೆರೆ ಮಂಡಿಪೇಟೆಯಲ್ಲಿ ಸೇರೋಣ. ಅಂಗಡಿ ತೆರೆದು ಗಾಡಿಗಳು ನಿಂತರೆ ಕಟ್ಟಡದ ಬುಡವೇ ಕಾಣುವುದಿಲ್ಲ.

ಹಳೇ ಫೋಟೊದ ಪ್ರಿಂಟ್ ಕೈಯಲ್ಲಿರಲಿ. ಅದರಲ್ಲಿ ಹತ್ತಿರದ ಕಂಬದ ಅಂಚು ದೂರದ ಸೂರಿನ ಯಾವ ಭಾಗಕ್ಕೆ ತಾಗಿದಂತೆ ಕಾಣುತ್ತದೆ ನೋಡಿ. ಅದು ಹೊಂದದಿದ್ದರೆ ನೀವು ನಿಂತ ಜಾಗವೇ ತಪ್ಪು. ಜೂಮ್ ಮಾಡಿದರೆ ಸರಿಹೋಗದು, ಕಾಲು ಸರಿಸಬೇಕು. ಒಂದೆರಡು ಅಡಿಯೂ ಲೆಕ್ಕಕ್ಕೆ ಬರುತ್ತದೆ. ಇದಕ್ಕೆ ಎಷ್ಟು ಹೊತ್ತು ಹಿಡಿದರೂ ಹಿಡಿಯಲಿ.

ಕ್ಯಾಮೆರಾ ಮೇಲಕ್ಕೆ ಬಾಗಿಸಬೇಡಿ, ಗೋಡೆಗಳು ಒಳಕ್ಕೆ ವಾಲುತ್ತವೆ. ಹಿಂದೆ ಸರಿಯಿರಿ, ಇಲ್ಲವೇ ಕೇಳಿಕೊಂಡು ಎದುರಿನ ಮಹಡಿ ಹತ್ತಿ. ಟ್ರೈಪಾಡ್ ಬಳಸಿ; ಲೆನ್ಸಿನ ತೆರವು ಎಫ್/8, ಬೆಳಕಿನ ಸಂವೇದನೆ ಐಎಸ್‌ಒ 100. ಮೊಬೈಲಿನವರು 0.5 (ಅಗಲ ನೋಟ) ಬಿಟ್ಟು 1ಎಕ್ಸ್ ಇಡಿ. ಮೋಡವಿದ್ದರೆ ಒಳ್ಳೆಯದೇ: ಜರ್ಮನಿಯ ಫೋಟೊಗ್ರಾಫರ್ ದಂಪತಿ ಬರ್ನ್ಡ್ ಮತ್ತು ಹಿಲ್ಲಾ ಬೆಷರ್ ನೀರಿನ ಟ್ಯಾಂಕುಗಳನ್ನು ಮೋಡದ ಬೆಳಕಿನಲ್ಲೇ ತೆಗೆಯುತ್ತಿದ್ದರು, ನೆರಳು ಆಕಾರವನ್ನು ಮುಚ್ಚಬಾರದೆಂದು.

ತೆಗೆದ ಫೋಟೊಗಳನ್ನು ವಾಟ್ಸ್ಆಪ್ ಗ್ರೂಪಿಗೆ ಡಾಕ್ಯುಮೆಂಟ್ ಆಗಿಯೇ ಕಳಿಸಿ, ಗುಣಮಟ್ಟ ಕುಗ್ಗದಿರಲಿ.