ಮಗಳಿಗೊಂದು ಪತ್ರ: ಹೋಗುವ ಮೊದಲು ಇದನ್ನು ಓದು

ಪ್ರೀತಿಯ ಪುಟ್ಟಿ,

ಮಿಷನ್ ಆಸ್ಪತ್ರೆಯ ತಂಡಕ್ಕೆ ಹೆಸರು ಕೊಟ್ಟಿದ್ದೇನೆ, ಮುಂದೆ ಎಲ್ಲಿ ಎಬೋಲಾ, ರೋಗಿಯ ರಕ್ತ, ವಾಂತಿ ಮುಟ್ಟಿದರೆ ಹರಡುವ ಆ ಮಾರಕ ಜ್ವರ, ಬಂದರೂ ಕರೆಯುತ್ತಾರೆ ಅಂತ ನೀನು ಭಾನುವಾರ ಹೇಳಿದಾಗ ನಾನು ಏನೂ ಮಾತಾಡಲಿಲ್ಲ. ಒಲೆ ಮೇಲೆ ಏನೋ ಇದೆ ಅಂತ ಫೋನ್ ಇಟ್ಟೆ. ಒಲೆ ಮೇಲೆ ಏನೂ ಇರಲಿಲ್ಲ. ಹೆದರಿಕೆ ಆಯಿತು, ಅಷ್ಟೇ. ಬೇಡ ಅಂತ ಹೇಳು ಅಂದರು ಅಪ್ಪ. ಆದರೆ ಇಷ್ಟು ವರ್ಷ ವಾರ್ಡಿನಲ್ಲಿ ಡ್ಯೂಟಿ ಮಾಡಿ, ನಿನಗೂ ನರ್ಸಿಂಗ್ ಓದಿಸಿ, ಈಗ ರೋಗಿಯ ಹತ್ತಿರ ಹೋಗಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ.

"ದೇವರು ನೋಡಿಕೊಳ್ತಾನೆ ಅಮ್ಮ" ಅಂದೆಯಲ್ಲ, ಅದು ರಾತ್ರಿಯೆಲ್ಲ ಕಾಡಿತು. ನಾನೂ ಅದನ್ನೇ ನಂಬಿ ಬದುಕಿದವಳು. ಆದರೆ ಗ್ಲೌಸ್ ಹಾಕಿಕೊಳ್ಳಬೇಕಾದ ಕಡೆ ಆ ಮಾತನ್ನು ಹಾಕಿಕೊಳ್ಳಬೇಡ ಮಗಳೇ. ನಿನಗಿಂತ ಮೊದಲು ಹೋದವರ ಕಥೆ ಈ ವಾರವೆಲ್ಲ ಓದಿದೆ. ಅದಕ್ಕೇ ಹೇಳುತ್ತಿದ್ದೇನೆ.

1976ರಲ್ಲಿ ಕಾಂಗೋದ ಯಾಂಬುಕು ಅನ್ನುವ ಹಳ್ಳಿ. ಆಗ ಆ ದೇಶಕ್ಕೆ ಝೈರ್ ಅಂತ ಹೆಸರು. ಬೆಲ್ಜಿಯಂನ ಸಿಸ್ಟರ್‌ಗಳು, ಅಂದರೆ ಕ್ರೈಸ್ತ ಸನ್ಯಾಸಿನಿಯರು, ಅಲ್ಲೊಂದು ಆಸ್ಪತ್ರೆ ನಡೆಸುತ್ತಿದ್ದರು. ಒಳ್ಳೆಯವರು. ಊರು ಬಿಟ್ಟು, ಮನೆ ಬಿಟ್ಟು ಬಂದವರು. ಬೆಳಿಗ್ಗೆ ಐದು ಸಿರಿಂಜ್ ತೆಗೆದರೆ ದಿನವಿಡೀ ಎಲ್ಲ ರೋಗಿಗಳಿಗೂ ಅವೇ. ಒಬ್ಬರಿಗೆ ಚುಚ್ಚಿದ ಮೇಲೆ ಬಿಸಿನೀರಲ್ಲಿ ಅಲ್ಲಾಡಿಸಿ ಇನ್ನೊಬ್ಬರಿಗೆ ಚುಚ್ಚುತ್ತಿದ್ದರು. ತಪಾಸಣೆಗೆ ಬಂದ ಬಸುರಿಯರಿಗೂ ಅದೇ ಸೂಜಿ. ಎಬೋಲಾ ಅನ್ನುವ ಹೆಸರೇ ಇನ್ನೂ ಹುಟ್ಟಿರಲಿಲ್ಲ. 318 ಜನಕ್ಕೆ ಜ್ವರ ಬಂತು, 280 ಜನ ಹೋದರು. ಆಸ್ಪತ್ರೆಯ 17 ಸಿಬ್ಬಂದಿಯಲ್ಲಿ 11 ಜನ ಉಳಿಯಲಿಲ್ಲ. ಸಿಸ್ಟರ್‌ಗಳೂ ಸತ್ತರು.

ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟೆ. ಯಾಕೆ ಗೊತ್ತಾ? ನಾನೂ ಗಾಜಿನ ಸಿರಿಂಜ್ ಕಾಲದವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ಓಪಿಡಿಯಲ್ಲಿ ಕಾಲಿಡಲು ಜಾಗ ಇರಲಿಲ್ಲ. ಕುದಿಸುತ್ತಾ ಕೂತರೆ ಸಂಜೆ ಆಗುತ್ತೆ, ಸುಮ್ನೆ ಬಿಸಿನೀರಲ್ಲಿ ತೊಳೆದು ಕೊಡು ಅಂದರು ಹಿರಿಯರೊಬ್ಬರು. ಕೊಟ್ಟೆ. ಎಷ್ಟು ಜನರಿಗೆ ಅಂತ ನೆನಪಿಲ್ಲ. ಅದರಿಂದ ಯಾರಿಗೆ ಏನಾಯಿತೋ ನನಗೆ ಗೊತ್ತಾಗಲೇ ಇಲ್ಲ. ಈ ವಿಷಯ ಅಪ್ಪನಿಗೂ ಹೇಳಿಲ್ಲ. ಹಾಗಾಗಿ ಆ ಸಿಸ್ಟರ್‌ಗಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅಳು ಬಂತು.

ಇನ್ನೊಬ್ಬರು ಡಾ. ಮ್ಯಾಥ್ಯೂ ಲುಕ್ವಿಯಾ. ಉಗಾಂಡಾದ ಗುಲು ಹತ್ತಿರ ಸೇಂಟ್ ಮೇರೀಸ್ ಲಾಚೋರ್ ಆಸ್ಪತ್ರೆ ಇದೆ, ಮಿಷನರಿಗಳು ಕಟ್ಟಿದ್ದು. ಅಲ್ಲಿನ ಮುಖ್ಯ ವೈದ್ಯರು ಅವರು, ಆ ನಾಡಿನವರೇ. 2000ನೇ ಇಸವಿಯ ಅಕ್ಟೋಬರ್‌ನಲ್ಲಿ ಓದಿಗೆಂದು ಕಂಪಾಲಾದಲ್ಲಿದ್ದರು. ನರ್ಸಿಂಗ್ ಓದುವ ಹುಡುಗಿಯರು ಸಾಯುತ್ತಿದ್ದಾರೆ ಅಂತ ಫೋನ್ ಬಂದದ್ದೇ ಓಡಿ ಬಂದರು. ರಾತ್ರಿ ಕೂತು ಕೇಸ್ ಹಾಳೆಗಳನ್ನೆಲ್ಲ ತಿರುವಿ ಹಾಕಿ ಇದು ಎಬೋಲಾದಂಥ ರಕ್ತಸ್ರಾವದ ಜ್ವರ ಅಂತ ಹಿಡಿದವರು ಅವರೇ. ಪ್ರಯೋಗಾಲಯದ ಉತ್ತರಕ್ಕೆ ಕಾಯದೆ ಬೇರೆ ವಾರ್ಡ್ ಮಾಡಿದರು. ಆಮೇಲೆ ನರ್ಸ್‌ಗಳು ಒಬ್ಬೊಬ್ಬರಾಗಿ ಸಾಯತೊಡಗಿದಾಗ ಉಳಿದವರು ಸಿಡಿದೆದ್ದರು, ಆಸ್ಪತ್ರೆ ಮುಚ್ಚಿ ಅಂದರು. ಡಾಕ್ಟರು ತಾಸುಗಟ್ಟಲೆ ಕೂತು ಮಾತಾಡಿದರು. ನರ್ಸ್‌ಗಳು ಕೆಲಸ ಬಿಡದೆ ಉಳಿದರು. ಹೆದರಿದ್ದಕ್ಕೆ ಆ ಹುಡುಗಿಯರನ್ನು ಯಾರಾದರೂ ಕೀಳಾಗಿ ಕಂಡರೆ ನನಗೆ ಸಹಿಸಲು ಆಗಲ್ಲ. ಹೆದರಿಕೊಂಡೇ ಡ್ಯೂಟಿಗೆ ಬಂದರು ಅವರು, ಅಲ್ವಾ?

ನವೆಂಬರ್‌ನಲ್ಲಿ ಒಂದು ರಾತ್ರಿ, ಕಾಯಿಲೆ ಬಿದ್ದಿದ್ದ ನರ್ಸ್ ಒಬ್ಬರಿಗೆ ಉಸಿರಾಟ ಹದಗೆಟ್ಟು ರಕ್ತ ಕಾರತೊಡಗಿತು. ಡಾಕ್ಟರನ್ನು ನಿದ್ದೆಯಿಂದ ಎಬ್ಬಿಸಿದರು. ಮಾಸ್ಕ್, ಗೌನ್, ಗ್ಲೌಸ್, ಬೂಟು ಎಲ್ಲ ಹಾಕಿಕೊಂಡರು. ಗಾಗಲ್ಸ್ ಮಾತ್ರ ಹಾಕಿಕೊಳ್ಳಲಿಲ್ಲ. ಅವರಿಗೂ ರೋಗ ಹತ್ತಿ ಡಿಸೆಂಬರ್ 5ಕ್ಕೆ ತೀರಿಕೊಂಡರು. ಆಸ್ಪತ್ರೆಯ ಅಂಗಳದಲ್ಲೇ ಅವರ ಸಮಾಧಿ ಇದೆ. ಎಲ್ಲರಿಗೂ ನಿಯಮ ಕಲಿಸಿದ ಮನುಷ್ಯ! ನಿದ್ದೆಗಣ್ಣು, ಅವಸರ, ಎದುರಿಗೆ ತನ್ನದೇ ಸಿಬ್ಬಂದಿ. ನೀನಾಗಿದ್ದರೂ ಹಾಗೇ ಓಡುತ್ತಿದ್ದೆ, ನಿನ್ನನ್ನು ನಾನು ಬಲ್ಲೆ.

2014ರಲ್ಲಿ ಪಶ್ಚಿಮ ಆಫ್ರಿಕಾದ ಲೈಬೀರಿಯಾಕ್ಕೆ ಎಬೋಲಾ ಬಂದ ವಿಷಯ ನಿನಗೇ ನನಗಿಂತ ಜಾಸ್ತಿ ಗೊತ್ತು. ಮನ್ರೋವಿಯಾ ಹತ್ತಿರದ ಎಲ್ವಾ ಆಸ್ಪತ್ರೆ, ಪ್ರಾರ್ಥನೆ ಮಾಡುವ ಚಾಪೆಲ್ ಅನ್ನೇ ಎಬೋಲಾ ವಾರ್ಡ್ ಮಾಡಿದ್ದು, ಅಲ್ಲಿದ್ದ ಅಮೆರಿಕದ ಡಾ. ಕೆಂಟ್ ಬ್ರಾಂಟ್ಲಿಗೆ ಜ್ವರ ಬಂದದ್ದು. ಅವರ ಹೆಂಡತಿ ಮಕ್ಕಳು ಅದಕ್ಕೆ ಕೆಲವೇ ದಿನ ಮೊದಲು ಅಮೆರಿಕಕ್ಕೆ ಹೊರಟಿದ್ದರು. ಅಲ್ಲಿ ನನ್ನ ಮನಸ್ಸು ನಿಂತದ್ದು ನ್ಯಾನ್ಸಿ ರೈಟ್‌ಬೋಲ್ ಹತ್ತಿರ. ವಾರ್ಡಿಗೆ ಹೋಗುವವರ ಸೂಟ್, ಮೈಯೆಲ್ಲ ಮುಚ್ಚುವ ಆ ರಕ್ಷಣೆಯ ಉಡುಪು, ಸರಿಯಾಗಿದೆಯಾ ನೋಡುವುದು, ಹೊರಬಂದವರ ಮೇಲೆ ಕ್ಲೋರಿನ್ ನೀರು ಸಿಂಪಡಿಸುವುದು, ಇಷ್ಟೇ ಅವರ ಕೆಲಸ. ಯಾರೂ ಫೋಟೋ ತೆಗೆಯುವ ಕೆಲಸ ಅಲ್ಲ. ಆದರೆ ಸೂಟ್ ಹಾಕುವುದಕ್ಕಿಂತ ಬಿಚ್ಚುವಾಗಲೇ ಅಪಾಯ ಜಾಸ್ತಿ. ಆ ಸೆಕೆಯಲ್ಲಿ ಬೆವರಿ, ಸುಸ್ತಾಗಿ ಹೊರಬಂದವಳ ಕೈ ತನ್ನಷ್ಟಕ್ಕೆ ಮುಖದ ಕಡೆ ಹೋಗುತ್ತೆ. ತಡೆಯಲು ಎದುರಿಗೆ ಒಬ್ಬರು ಇರಲೇಬೇಕು. ನ್ಯಾನ್ಸಿಗೂ ರೋಗ ಬಂತು. ಅವರೂ ಬ್ರಾಂಟ್ಲಿಯೂ ಅಮೆರಿಕದ ಅಟ್ಲಾಂಟಾದಲ್ಲಿ ಗುಣವಾದರು. ಅವರಿಬ್ಬರೂ ಮಲಗಿದ ಮೇಲೆ ಡಾ. ರಿಕ್ ಸ್ಯಾಕ್ರಾ ಲೈಬೀರಿಯಾಕ್ಕೆ ಹೋಗಿ ಹೆರಿಗೆ ಮಾಡಿಸುತ್ತಿದ್ದರು. ಅವರಿಗೂ ಬಂತು. ಗುಣವಾಗಿ 2015ರ ಜನವರಿಯಲ್ಲಿ ಮತ್ತೆ ಹೋದರು.

ಇನ್ನೊಂದು ವಿಷಯ ನನ್ನ ಎದೆಯಿಂದ ಇಳಿಯುತ್ತಿಲ್ಲ. ಮನ್ರೋವಿಯಾದ ಸೇಂಟ್ ಜೋಸೆಫ್ ಕ್ಯಾಥೊಲಿಕ್ ಆಸ್ಪತ್ರೆಯಲ್ಲಿ ಸ್ಪೇನಿನ ಪಾದ್ರಿ ಮಿಗೆಲ್ ಪಹಾರೆಸ್ ಇದ್ದರು. ಕಾಂಗೋದ ಸಿಸ್ಟರ್ ಶಾಂತಾಲ್ ಪಾಸ್ಕಲೀನ್ ಇದ್ದರು. ಇಬ್ಬರಿಗೂ ಅದೇ ರೋಗ. ಪಾದ್ರಿಗೆ ವಿಮಾನ ಬಂತು, ಮ್ಯಾಡ್ರಿಡ್‌ಗೆ ಹೋದರು. ಸಿಸ್ಟರ್ ಅಲ್ಲೇ ಉಳಿದರು. ಆಗಸ್ಟ್ 9ಕ್ಕೆ ಸಿಸ್ಟರ್ ತೀರಿಕೊಂಡರು, 12ಕ್ಕೆ ಪಾದ್ರಿ. ವಿಮಾನದಿಂದ ಪಾದ್ರಿಯ ಜೀವವೇನೂ ಉಳಿಯಲಿಲ್ಲ, ನಿಜ. ಆದರೂ ಸಿಸ್ಟರನ್ನು ಬಿಟ್ಟು ಹೋದದ್ದು ಹೋದದ್ದೇ. ಆ ಸಲ ಪಶ್ಚಿಮ ಆಫ್ರಿಕಾದಲ್ಲಿ 11,000ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 500ಕ್ಕೂ ಹೆಚ್ಚು ಮಂದಿ ಆರೋಗ್ಯ ಸಿಬ್ಬಂದಿ, ಹೆಚ್ಚಿನವರು ಆ ಊರುಗಳವರೇ. ಅವರ ಹೆಸರು ನಮಗೆ ಗೊತ್ತೇ ಇಲ್ಲ. ನೀನು ಹೋದರೆ ಪಕ್ಕದಲ್ಲಿ ಅಂಥವರೇ ನಿಂತಿರುತ್ತಾರೆ.

ಹಾಗಾಗಿ ತಂಡದವರನ್ನು ಮೂರು ಮಾತು ಕೇಳು. ದಿನಕ್ಕೆ ಒಬ್ಬರಿಗೆ ಎಷ್ಟು ಸೂಟ್ ಇದೆ? ಬಿಚ್ಚುವಾಗ ಎದುರಿಗೆ ನಿಲ್ಲುವವರು ಯಾರು, ರಾತ್ರಿ ಪಾಳಿಯಲ್ಲೂ ಇರುತ್ತಾರಾ? ಕಾಯಿಲೆ ಬಿದ್ದರೆ ಅಲ್ಲಿನ ನರ್ಸ್‌ಗೆ ಏನು ವ್ಯವಸ್ಥೆ, ನಿನಗೆ ಏನು? ಸಂಕೋಚ ಪಟ್ಟುಕೊಳ್ಳಬೇಡ. ದೇವರ ಕೆಲಸದಲ್ಲಿ ಇಂಥದ್ದೆಲ್ಲ ಕೇಳಬಾರದು ಅಂತ ಯಾರಾದರೂ ಅಂದರೆ ಅಲ್ಲಿಗೆ ಹೋಗಲೇಬೇಡ.

ಉತ್ತರ ಬಂದ ಮೇಲೆ ಫೋನ್ ಮಾಡು. ಈ ಸಲ ಇಡಲ್ಲ. ಅಪ್ಪನ ಹತ್ತಿರ ನಾನೇ ಮಾತಾಡುತ್ತೇನೆ.

ನಿನ್ನ
ಅಮ್ಮ